ದಾರಿ ಹೇಳುತ್ತಿದ್ದ ತಾತ

ಕಳೆದ ತಿಂಗಳು ದೊಡ್ಡಪ್ಪ ಫೋನ್ ಮಾಡಿದ್ದರು. ನಮ್ಮ ಕುಲದ ಕಲ್ಯಾಣಮಂಟಪದ ಕೆಲಸ ಮುಗಿಯುತ್ತ ಬಂದಿದೆ, ತೆರೆಯುವ ದಿನ ಒಂದು ಸ್ಮರಣ ಸಂಚಿಕೆ ತರುತ್ತಿದ್ದೇವೆ, ಅದರಲ್ಲಿ ತಾತನ ಬಗ್ಗೆ ನೀನೊಂದು ಪುಟ ಬರೆದುಕೊಡಬೇಕು ಎಂದರು. 'ಕುಲದ ಚರಿತ್ರೆ ಕಾಪಾಡಿದ ಹಿರಿಯರು' ಎಂಬ ತಲೆಬರಹವನ್ನು ಅವರೇ ಇಟ್ಟುಬಿಟ್ಟಿದ್ದರು. ಒಳ್ಳೆಯದನ್ನಷ್ಟೇ ಬರಿ, ಅರ್ಧ ಪುಟ ಫೋಟೋಗೆ ಬಿಡು ಎಂದೂ ಹೇಳಿದರು. ನಾನು ಹೂಂ ಎಂದು ಫೋನ್ ಇಟ್ಟೆ. ಆ ಹಿರಿಯರ ಕಾಲಿನ ಮೇಲೆ ಟ್ರ್ಯಾಕ್ಟರ್ ಹತ್ತಿಸಿದ ಮನೆಯಿಂದಲೇ ಆ ಫೋನ್ ಬಂದಿತ್ತು.

ಆ ಪುಟವನ್ನು ನಾನು ಬರೆದುಕೊಡಲಿಲ್ಲ. ಇದನ್ನು ಬರೆಯುತ್ತಿದ್ದೇನೆ, ಅದೂ ಕನ್ನಡದಲ್ಲಿ. ತೇವಾರಂ ಕಡೆ ಬೆಟ್ಟದ ಬುಡದಲ್ಲಿರುವ ನಮ್ಮ ಊರಿನ ಅರವತ್ತು ಮನೆಗಳಲ್ಲಿ ಎಷ್ಟೋ ತಲೆಮಾರಿನಿಂದ ಮಾತಾಡುವುದು ಕನ್ನಡವನ್ನೇ. ಆದರೆ ಈ ಅಕ್ಷರ ಓದಬಲ್ಲವರು ಅಲ್ಲಿ ಒಬ್ಬರೂ ಇಲ್ಲ. ಓದು ಬರಹವೆಲ್ಲ ತಮಿಳು. ನಾನು ಮೈಸೂರಿನಲ್ಲಿ ಎರಡು ವರ್ಷ ಎಂ.ಎಸ್ಸಿ. ಓದಿದಾಗ ಬಸ್ಸಿನ ಬೋರ್ಡುಗಳನ್ನು ನೋಡಿ ನೋಡಿ ಕಲಿತೆ. ಈಗ ದಿಂಡಿಗಲ್ಲಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಕನ್ನಡ ನಮ್ಮ ಹೆಮ್ಮೆ ಎಂದು ಮಂಟಪದ ಕಮಾನಿನ ಮೇಲೆ ತಮಿಳಿನಲ್ಲಿ ಬರೆಸಿದ್ದಾರೆ.

ತಾತ ನನಗೆ ಸ್ವಂತ ತಾತನಲ್ಲ. ಊರಿಗೆಲ್ಲ ತಾತ. ಊರೆಲ್ಲ ಒಂದೇ ಕುಲವಾದ್ದರಿಂದ ಹೇಗೋ ಒಂದು ಸಂಬಂಧ ಎಲ್ಲರಿಗೂ ಇತ್ತು. ಹರೆಯದಲ್ಲಿ ಮನೆಯಲ್ಲಿ ಜಗಳ ಮಾಡಿಕೊಂಡು ದಿಂಡಿಗಲ್ಲಿಗೆ ಓಡಿಹೋಗಿ, ಬೀಗ ಮಾಡುವ ಪಟ್ಟಡೆಯಲ್ಲಿ ಇಪ್ಪತ್ತು ವರ್ಷ ಅರ ಹಿಡಿದು ಕೂತವರು. ಬಲಗೈಯ ಹೆಬ್ಬೆರಳು ಒಂದು ಕಡೆ ಚಪ್ಪಟೆಯಾಗಿತ್ತು. ಅವರಪ್ಪ ತೀರಿಕೊಂಡಾಗ ಊರವರು ಹೋಗಿ ಕರೆದುಕೊಂಡು ಬಂದರು. ಏಕೆಂದರೆ ಅಪ್ಪ ಹೇಳುತ್ತಿದ್ದುದನ್ನು ಮುಂದೆ ನಿಂತು ಹೇಳುವ ಹಕ್ಕು ಇವರೊಬ್ಬರಿಗೇ ಇತ್ತು. ಅದೇ 'ದಾರಿ'.

ದಾರಿ ಎಂದರೆ ನಾವು ಬಂದ ದಾರಿ. ನಮ್ಮಲ್ಲಿ ಮದುವೆಯಲ್ಲಿ ತಾಳಿ ಕಟ್ಟುವ ಮೊದಲು ಒಬ್ಬರು ನಿಂತು ಕುಲ ಎಲ್ಲಿಂದ ಹೊರಟಿತು, ಎಲ್ಲೆಲ್ಲಿ ನಿಂತಿತು, ಯಾರು ಓಡಿಸಿದರು, ಯಾರು ಸೇರಿಸಿಕೊಂಡರು ಎಂದು ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಒಂದೊಂದು ಮಾತು ಮುಗಿದಾಗಲೂ ಕುಲದವರೆಲ್ಲ ಒಟ್ಟಿಗೆ 'ಔದು' ಎನ್ನಬೇಕು. ಅನ್ನದೆ ಬಾಯಿ ಮುಚ್ಚಿಕೊಂಡವನು ಕುಲದವನಲ್ಲ ಎಂದು ಲೆಕ್ಕ. ಮಕ್ಕಳು ಸುಮ್ಮನಿದ್ದರೆ ತಾಯಂದಿರು ತೊಡೆ ಚಿವುಟುತ್ತಾರೆ. ಶುರುವಾದ ಮೇಲೆ ಯಾರೂ ಕೂರುವಂತಿಲ್ಲ, ಹೇಳುವವರು ನಡುವೆ ನಿಲ್ಲಿಸುವಂತಿಲ್ಲ. ಕೊನೆಗೆ ಹೇಳಿದವರು ಒಂದು ಚೊಂಬು ನೀರನ್ನು ತೆಂಕಲ ದಿಕ್ಕಿಗೆ ಸುರಿಯುತ್ತಾರೆ. ತೆಂಕಲಲ್ಲಿ ಇರುವುದು ದಲಿತರ ಕಾಲೊನಿ.

ತಾತ ಹೇಳುವುದಕ್ಕೆ ಮೊದಲು ಬಾಯಿ ಮುಕ್ಕಳಿಸುತ್ತಿದ್ದರು, ಮೂರು ಸಲ, ನಿಧಾನವಾಗಿ, ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಚಡಪಡಿಸುತ್ತಿದ್ದರೂ. ಮೇಲುಟವೆಲನ್ನು ಸೊಂಟಕ್ಕೆ ಬಿಗಿದು ಕಣ್ಣು ಮುಚ್ಚುತ್ತಿದ್ದರು. ಒಮ್ಮೆ ವಿಡಿಯೊ ತೆಗೆಯುವವನೊಬ್ಬ, ಕಂಬಂ ಕಡೆಯವನು, ಸ್ವಲ್ಪ ಚಿಕ್ಕದಾಗಿ ಹೇಳಿ ಅಯ್ಯಾ, ಕಾರ್ಡು ತುಂಬುತ್ತೆ ಎಂದು ನಡುವೆ ಬಾಯಿ ಹಾಕಿದ. ತಾತ ಕಣ್ಣು ಬಿಡದೆ ಮತ್ತೆ ಮೊದಲಿನಿಂದ ಶುರುಮಾಡಿದರು. ಇನ್ನೂರು ಜನ ಇನ್ನೊಮ್ಮೆ ಔದು, ಔದು ಎನ್ನುತ್ತ ನಿಂತೆವು. ಅಡುಗೆಯವನು ಬಂದು ಸಾಂಬಾರು ಆರಿತು ಎಂದು ಬೈದ.

ಅವರು ಹೇಳುತ್ತಿದ್ದ ಚರಿತ್ರೆಯಲ್ಲಿ ಹೆಮ್ಮೆ ಪಡುವಂಥದ್ದು ಬಹಳ ಕಡಿಮೆ. ಮಂಟಪದ ಸಮಿತಿಗೆ ಅದೇ ದೊಡ್ಡ ತಲೆನೋವಾಗಿತ್ತು. ಬೇರೆ ಊರಿನ ಕುಲದವರು ತಮ್ಮ ಪೂರ್ವಿಕರು ದಂಡನಾಯಕರಾಗಿದ್ದರು, ಅರಮನೆಯಿಂದ ಭೂಮಿ ಪಡೆದರು ಎಂದೆಲ್ಲ ಪುಸ್ತಕ ಮಾಡಿಸಿದ್ದರು. ನಮ್ಮದರಲ್ಲಿ ಏಳು ಒಲೆ, ನಲವತ್ತು ಹಸು, ಕುರುಡಾಗಿದ್ದ ಒಬ್ಬ ಮುದುಕಿ. ಬಡಗಲಿಂದ ಹೊರಟವರು, ಮೇವಿಲ್ಲದೆ. ಬೆಟ್ಟ ಇಳಿಯುವಾಗ ಮಗುವೊಂದನ್ನು ಕಳೆದುಕೊಂಡು ಹುಡುಕದೆ ಬಂದವರು. ಆ ಮಾತಿಗೂ ನಾವು ಔದು ಎನ್ನಬೇಕಿತ್ತು. ಚಿಕ್ಕಂದಿನಲ್ಲಿ ನನಗೆ ಅದೇ ಎಲ್ಲಕ್ಕಿಂತ ಭಯವಾಗುತ್ತಿದ್ದ ಜಾಗ.

"ತಾತಾ, ನಾವು ರಾಜರ ಕಡೆಯೋರು ಅಂತ ಅಣ್ಣ ಸೊಲ್ತಾನೆ" ಎಂದು ಒಮ್ಮೆ ಕೇಳಿದ್ದೆ. ಅಣ್ಣ ಎಂದರೆ ದೊಡ್ಡಪ್ಪನ ಮಗ.

"ರಾಜ್ರು ಆಗಿದ್ರೆ ಯಾಕ್ ತಾಯೀ ಓಡಿ ಬತ್ತಿದ್ದೋ?" ಎಂದು ನಕ್ಕಿದ್ದರು. "ಅವ್ನ ಮೂಗು ನೋಡು. ಅದು ಆವು ಮೇಸ್ದೋನ ಮೂಗು." ಆವು ಎಂದರೆ ನಮ್ಮಲ್ಲಿ ಹಸು.

ಇನ್ನು ದೊಡ್ಡಪ್ಪನ ಮನೆಯವರ ನಿದ್ದೆ ಕೆಡಿಸಿದ ಮಾತು. ದಾರಿಯ ಕೊನೆಗೆ ಬರುವುದು ಅದೇ. ಏಳು ಒಲೆಯವರು ಬೆಟ್ಟ ಇಳಿದಾಗ ನೀರಿರಲಿಲ್ಲ, ಹಸುಗಳು ಬೀಳತೊಡಗಿದವು. ಆಗ ತೊಗಲು ಹದ ಮಾಡುವ ಒಬ್ಬಾತ ಬಂಡೆಯ ಸಂದಿನಲ್ಲಿದ್ದ ಊಟೆಯನ್ನು ತೋರಿಸಿದ. ಅವನ ಮಕ್ಕಳೇ ಇಂದಿನ ಕಾಲೊನಿಯವರು. ತಾತ ಹೇಳುತ್ತಿದ್ದುದು ಹೀಗೆ: "ನೀರು ತೋರ್ಸಿದೋನ ಮಕ್ಕಳ್ಗೆ ನೀರ್ಗೂ ಸುಡುಗಾಡ್ಗೂ ಎರಡು ಆವು ಜೋಡಿ ನಡೆಯೋ ದಾರಿ ನಮ್ಮ ನೆಲದಾಗ ಬುಟ್ಟೋ. ನಮ್ಮ ಆವು ನೀರು ಕುಡಿಯೋ ತನ್ಕ ಆ ದಾರಿ ಅವ್ರುದು." ಔದು. ಆಮೇಲೆ ನೀರು ಸುರಿಯುವುದು.

ತಾತನನ್ನು ದೊಡ್ಡ ಸುಧಾರಕರೆಂದು ಯಾರೂ ತಿಳಿಯಬಾರದು. ಅವರ ಜಗುಲಿಯ ಮೇಲೆ ಕಾಲೊನಿಯವರು ಕೂತದ್ದನ್ನು ನಾನು ನೋಡಿಲ್ಲ. ಬಂದರೆ ನಿಂತೇ ಮಾತಾಡಿ ಹೋಗಬೇಕು. ಅವರಿಗೆ ಕಾಫಿ ಕೊಡಲು ಸೂರಿನ ಸಂದಿಯಲ್ಲಿ ಒಂದು ಲೋಟ ಬೇರೆಯೇ ಸಿಕ್ಕಿಸಿತ್ತು. ನಾನು ಅದರ ಬಗ್ಗೆ ಕೇಳಿ ಜಗಳವನ್ನೂ ಮಾಡಿದ್ದೇನೆ. ಕಾಲೇಜಿಗೆ ಹೋಗಿ ನನಗೆ ಬಾಯಿ ಉದ್ದವಾಗಿದೆ ಎಂದರು. ಸೊಸೆಯನ್ನು ಬೈಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಬೀದಿಯಲ್ಲಿ ನಿಂತು ಹೇಳುತ್ತಿದ್ದರು. ಅವರು ಕಾಲೊನಿಯವರ ಪರ ಇರಲಿಲ್ಲ. ತಾವು ಹೇಳುವ ಮಾತಿನ ಪರ ಇದ್ದರು, ಅಷ್ಟೆ. ಒಬ್ಬ ಮನುಷ್ಯ ಅಷ್ಟು ಮಾಡಿದರೂ ಅವನನ್ನು ಬದುಕಗೊಡದ ಜನ ನಾವು.

ಮಂಟಪಕ್ಕೆ ಆರಿಸಿದ ಜಾಗ ಆ ದಾರಿಯ ಬಾಯಲ್ಲೇ ಇತ್ತು. ಸುತ್ತ ಬೇಕಾದಷ್ಟು ನೆಲವಿತ್ತು. ದ್ರಾಕ್ಷಿ ಪಂದಲು, ಅಂದರೆ ಚಪ್ಪರ, ಕಿತ್ತು ಪಾಳುಬಿಟ್ಟ ತೋಟಗಳೇ ನಾಲ್ಕಿದ್ದವು. ಆದರೆ ರಸ್ತೆಗೆ ಮುಖ ಬೇಕು, ಕಾರು ನಿಲ್ಲಿಸಬೇಕು, ಮದುವೆಗೆ ಬಂದ ನೆಂಟರ ಎದುರು ಕಾಲೊನಿಯ ಹೆಣ ಹೋಗಬಾರದು. ಕೊನೆಯದನ್ನು ಸಭೆಯಲ್ಲಿ ಬಾಯಿಬಿಟ್ಟೇ ಹೇಳಿದರು. ಕಾಂಪೌಂಡು ಗೋಡೆ ಎದ್ದಿತು. ಊಟೆಯ ಕಡೆಗೂ ಸುಡುಗಾಡಿನ ಕಡೆಗೂ ಇದ್ದ ದಾರಿ ಆ ಗೋಡೆಗೆ ಬಂದು ನಿಂತಿತು. ಕಾಲೊನಿಯಲ್ಲಿ ಒಬ್ಬ ಮುದುಕಿ ತೀರಿಕೊಂಡಾಗ ಚಟ್ಟ ಹೊತ್ತವರು ಗೋಡೆಯವರೆಗೆ ಬಂದರು. ಸ್ವಲ್ಪ ಹೊತ್ತು ಹೊತ್ತುಕೊಂಡೇ ನಿಂತಿದ್ದು, ತಿರುಗಿ ಹೆದ್ದಾರಿಯ ಮೇಲೆ ಮೂರು ಮೈಲಿ ಸುತ್ತಿ ಹೋದರು. ಲಾರಿಗಳು ಹಾರ್ನ್ ಹಾಕುತ್ತಿದ್ದವು. ಆ ಮುದುಕಿಯ ಮಗ ವೇದಸಂದೂರಿನ ನೂಲಿನ ಗಿರಣಿಯಲ್ಲಿ ಕೆಲಸ ಮಾಡುತ್ತಾನೆ. ಮರುವಾರ ಅವನು ತಾಲೂಕು ಕಚೇರಿಗೆ ಅರ್ಜಿ ಕೊಟ್ಟ. ದಾರಿ ಕಂದಾಯದ ನಕ್ಷೆಯಲ್ಲಿ ಇರಲಿಲ್ಲ. ಇದ್ದದ್ದು ತಾತನ ಬಾಯಲ್ಲಿ.

ದೊಡ್ಡಪ್ಪ ಹಣ್ಣಿನ ಬುಟ್ಟಿ ಹಿಡಿದು ತಾತನ ಮನೆಗೆ ಹೋದಾಗ ನಾನೂ ಅಲ್ಲಿದ್ದೆ. ದೊಡ್ಡಪ್ಪನಿಗೆ ಮಾತು ಮೆತ್ತಗೆ. ತಾತನ ಚಿತ್ರವನ್ನು ಮಂಟಪದ ಬಾಗಿಲಲ್ಲೇ ಹಾಕಿಸುತ್ತೇವೆ, ದಾರಿಯನ್ನು ಪುಸ್ತಕವಾಗಿ ಅಚ್ಚು ಹಾಕಿಸುತ್ತೇವೆ, ಮೊಮ್ಮಕ್ಕಳು ಓದಲಿ ಎಂದರು. ಒಂದು ಮಾತು ಮಾತ್ರ, ಕೊನೆಯದು, ಬಿಟ್ಟುಬಿಡಿ. ಉಳಿದದ್ದೆಲ್ಲ ಹಾಗೇ ಇರಲಿ.

ತಾತ ಬುಟ್ಟಿಯಿಂದ ಒಂದು ಬಾಳೆಹಣ್ಣು ತೆಗೆದು ಸುಲಿದು ತಿಂದರು. ಸಿಪ್ಪೆಯನ್ನು ಕರುವಿಗೆ ಹಾಕಿದರು. ಆಮೇಲೆ ಹೇಳಿದರು: "ಪೂಟಿಗೆ ಒಳಗ ಏಳು ಲಿವರ್ ಇರ್ತದೆ ಅಪ್ಪಾ. ಒಂದೇ ಒಂದು ತೆಗುದ್ಬುಡು. ಆಚೆಯಿಂದ ನೋಡಿದ್ರೆ ಅದೇ ಪೂಟು. ಆದ್ರೆ ಯಾವ ಕಳ್ಳನ ಸಾವಿ ಆಕಿದ್ರೂ ತೆರ್ಕೊತದೆ." ಪೂಟು ಎಂದರೆ ಬೀಗ, ಸಾವಿ ಎಂದರೆ ಬೀಗದ ಕೈ. ದೊಡ್ಡಪ್ಪನಿಗೆ ಕಳ್ಳ ಎಂಬ ಶಬ್ದವಷ್ಟೇ ಕೇಳಿಸಿತು. ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದುಹೋದರು.

ತಹಸೀಲ್ದಾರರು ವಿಚಾರಣೆಗೆ ಊರಿಗೇ ಬಂದರು. ಅರ್ಧ ಕಟ್ಟಿದ ಮಂಟಪದ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಒಂದು ಕಡೆ ನಮ್ಮವರು ಐವತ್ತು ಅರವತ್ತು ಜನ ಗಂಡಸರು ಕೂತಿದ್ದರು. ಇನ್ನೊಂದು ಕಡೆ ಕಾಲೊನಿಯವರು ಆರೇಳು ಜನ, ನಿಂತಿದ್ದರು. ತಹಸೀಲ್ದಾರರು ತಂಜಾವೂರಿನ ಕಡೆಯವರು, ಅವರಿಗೆ ನಮ್ಮ ಮಾತು ಬರದು. ದಾರಿಯನ್ನು ಅದು ಇರುವ ಹಾಗೇ ಕನ್ನಡದಲ್ಲೇ ಹೇಳುತ್ತೇನೆ ಎಂದು ತಾತ ಹಟ ಹಿಡಿದಿದ್ದರು. ತಮಿಳಿಗೆ ತಿರುಗಿಸಿ ಹೇಳಲು ನನ್ನನ್ನು ಕೂರಿಸಿದರು. ನಾನಾದರೆ ಇವರಿಗೂ ಒಪ್ಪಿಗೆ, ಅವರಿಗೂ ಒಪ್ಪಿಗೆ. ಕಾಲೇಜಿನ ಮೇಡಂ.

ಅಲ್ಲಿಗೆ ಬರುವ ಮೊದಲು ದೊಡ್ಡಪ್ಪ ಎಲ್ಲರಿಗೂ ಪಾಠ ಮಾಡಿಸಿದ್ದರು. ದಾರಿಯೇ ಇರಲಿಲ್ಲ, ಮುದುಕನಿಗೆ ಮರೆವು, ಅವನು ಏನು ಹೇಳಿದರೂ ನಮಗೆ ಗೊತ್ತಿಲ್ಲ ಎನ್ನಿ.

ತಾತ ನೀರು ತರಿಸಿದರು. ಮೂರು ಸಲ ಮುಕ್ಕಳಿಸಿದರು. ಟವೆಲನ್ನು ಸೊಂಟಕ್ಕೆ ಬಿಗಿದು ಕಣ್ಣು ಮುಚ್ಚಿ ಶುರುಮಾಡಿದರು. ಮೊದಲ ಮಾತಿಗೇ ಕುರ್ಚಿಗಳು ಕರಕರ ಎಂದವು. ನಮ್ಮವರೆಲ್ಲ ಎದ್ದು ನಿಂತಿದ್ದರು. ಯಾರೂ ಹೇಳಿರಲಿಲ್ಲ. ದೊಡ್ಡಪ್ಪನೂ ಎದ್ದಿದ್ದರು. ಮೊದಲ ಔದು ಸ್ವಲ್ಪ ಮೆಲ್ಲಗೆ ಬಂತು, ಎರಡನೆಯದು ಜೋರಾಗಿ. ಹುಟ್ಟಿದಾಗಿನಿಂದ ತೊಡೆ ಚಿವುಟಿಸಿಕೊಂಡು ಕಲಿತದ್ದು ಒಂದು ದಿನದ ಪಾಠಕ್ಕೆ ಹೋಗುತ್ತದೆಯೇ? ಏಳು ಒಲೆ. ಔದು. ಕುರುಡು ಮುದುಕಿ. ಔದು. ಬಿಟ್ಟುಬಂದ ಮಗು. ಔದು. ಕೆಲವರು ತಾವೂ ಕಣ್ಣು ಮುಚ್ಚಿದ್ದರು. ತಾತ ಕೊನೆಗೆ ಬಂದರು. ಆ ದಾರಿ ಅವ್ರುದು ಎಂದರು.

"ಔದು" ಎಂದು ಅರವತ್ತು ಗಂಡಸರು ಹೇಳಿದರು.

ಆಮೇಲೆ ಅವರಿಗೆ ಅರ್ಥವಾಯಿತು. ತಾತ ಚೊಂಬಿನಲ್ಲಿ ಉಳಿದಿದ್ದ ನೀರನ್ನು ಗೋಡೆಯ ಬುಡಕ್ಕೆ, ತೆಂಕಲಿಗೆ ಸುರಿದರು. ತಹಸೀಲ್ದಾರರು ನನ್ನ ಕಡೆ ತಿರುಗಿ, ಕೊನೆಗೆ ಎಲ್ಲರೂ ಸೇರಿ ಏನೋ ಒಪ್ಪಿಕೊಂಡರಲ್ಲ, ಏನದು ಎಂದು ಕೇಳಿದರು.

ಅಣ್ಣ ನನ್ನ ಎದುರಿಗೇ ನಿಂತಿದ್ದ. ಚಿಕ್ಕಂದಿನಲ್ಲಿ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದವನು. ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದ. ನಾನು ತಮಿಳಿನಲ್ಲಿ ಹೇಳಿದೆ: "ನೀರಿನ ವಿಷಯ ಸಾರ್. ಹಿಂದೆ ನೀರು ಸಿಕ್ಕಿದ ವಿಷಯ."

ಗುಮಾಸ್ತ ಬರೆದುಕೊಂಡ.

ತಾತ ನನ್ನ ಕಡೆ ನೋಡಿದರು. ಆಮೇಲೆ ತಾವೇ ತಮಿಳಿನಲ್ಲಿ ಆ ಮಾತನ್ನು ಪೂರ್ತಿ ಹೇಳಿದರು. ನಮ್ಮವರು ಕೂಗಾಡಿದರು. ಮುದುಕ ಈಗ ಸೇರಿಸಿ ಹೇಳುತ್ತಿದ್ದಾನೆ, ಮೇಡಂ ಹೇಳಿದ್ದೇ ಸರಿ ಎಂದರು. ತಹಸೀಲ್ದಾರರು ಎರಡನ್ನೂ ಬರೆಸಿಕೊಂಡು, ಗೋಡೆ ಒಡೆದು ದಾರಿ ಬಿಡಬೇಕೆಂದು ಆದೇಶ ಬರೆಯುವುದಾಗಿ ಹೇಳಿ ಹೋದರು. ಅವರು ನಂಬಿದ್ದು ನನ್ನ ಮಾತನ್ನಲ್ಲ, ಮುದುಕನ ಮಾತನ್ನು. ಎಲ್ಲರೂ ಎದ್ದು ನಿಂತದ್ದನ್ನು ಅವರು ಕಣ್ಣಾರೆ ನೋಡಿದ್ದರು.

ನಾನೂ ತಾತನೂ ಕಾಲುವೆ ಏರಿಯ ಮೇಲೆ ಮನೆಗೆ ನಡೆದೆವು. ಮಧ್ಯಾಹ್ನ, ಬಿಸಿಲು ಚೆನ್ನಾಗಿತ್ತು.

"ಆಗ್ಲಿಲ್ಲೆ ಅಂದ್ರೆ ಆಗ್ಲಿಲ್ಲೆ ಅಂತ ಸೊಲ್ಲಿ ಎದ್ದು ಓಗ್ಬೇಕು" ಎಂದರು ತಾತ. "ಅರ್ಧ ಸೊಲ್ಲಬಾರ್ದು ಪುಳ್ಳೆ. ಅರ್ಧ ಸೊಲ್ಲೋದು ಸುಳ್ಳಿಗಿಂತ ಕೆಟ್ಟುದು. ಸುಳ್ಳನ್ನಾದ್ರೆ ಕಳ್ಳನ್ನ ಇಡ್ದಂಗೆ ಇಡೀಬೌದು."

ಅವರು ನನ್ನನ್ನು ಯಾವಾಗಲೂ ತಾಯಿ ಎನ್ನುತ್ತಿದ್ದರು. ಆ ದಿನ ಪುಳ್ಳೆ ಎಂದರು. ಹುಡುಗಿ, ಅಷ್ಟೆ. ಆಗಲೇ ಹಿಂದಿನಿಂದ ಟ್ರ್ಯಾಕ್ಟರಿನ ಸದ್ದು ಬಂತು.

ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿದ್ದೇನೋ ಲೆಕ್ಕವಿಲ್ಲ. ಪಾಠ ಮಾಡುವಾಗ ಬೋರ್ಡಿನ ಕಡೆ ತಿರುಗಿದರೆ ಬೆನ್ನ ಹಿಂದೆ ಆ ಸದ್ದು ಬರುತ್ತದೆ. ಏರಿ ಹನ್ನೆರಡು ಅಡಿ ಅಗಲ. ನಾವು ಎಡಕ್ಕೆ, ಕಾಲುವೆಯ ಕಡೆ ಸರಿದು ನಿಂತೆವು. ಬಲಗಡೆ ಪೂರ್ತಿ ಖಾಲಿ ಇತ್ತು. ಟ್ರೈಲರಿನಲ್ಲಿ ಪಂದಲಿನ ಕಲ್ಲುಗಂಬಗಳಿದ್ದವು. ಅವು ಒಂದಕ್ಕೊಂದು ಬಡಿಯುವ ಸದ್ದು ಜಾಸ್ತಿಯಾಯಿತು. ಅಂದರೆ ವೇಗ ಹೆಚ್ಚಾಯಿತು. ಗೇರು ಬದಲಾದದ್ದು ನನಗೆ ಕೇಳಿಸಿತು. ನಿಲ್ಲಿಸುವವನು ಗೇರು ಏರಿಸುವುದಿಲ್ಲ. ನಾನು ತಿರುಗಿದಾಗ ಸ್ಟಿಯರಿಂಗಿನ ಹಿಂದೆ ಅಣ್ಣನ ಮುಖ ಕಾಣಿಸಿತು. ಅದರಲ್ಲಿ ಸಿಟ್ಟೇ ಇರಲಿಲ್ಲ. ಸೂಜಿಗೆ ನೂಲು ಪೋಣಿಸುವವರ ಮುಖದ ಹಾಗಿತ್ತು. ತಾತ ಕೋಲಿನಿಂದ ನನ್ನ ಪಕ್ಕೆಗೆ ಜೋರಾಗಿ ತಿವಿದರು. ನಾನು ಕಾಲುವೆಗೆ ಬಿದ್ದೆ. ಎದ್ದು ತಲೆ ಎತ್ತಿದಾಗ ದೊಡ್ಡ ಚಕ್ರ ಅವರ ತೊಡೆಯ ಮೇಲಿಂದ ಇಳಿಯುತ್ತಿತ್ತು. ಅವರು ಕೂಗಲಿಲ್ಲ. ಕೂಗಿದ್ದು ನಾನು.

ಅಣ್ಣ ಇಳಿದು ಬಂದ. "ಬ್ರೇಕ್ ಪಿಡಿಕ್ಕಲೆ" ಎಂದು ತಮಿಳಿನಲ್ಲಿ ಹೇಳಿದ. ಬ್ರೇಕ್ ಹಿಡಿಯಲಿಲ್ಲವಂತೆ. ನಮ್ಮಿಬ್ಬರ ನಡುವೆ ತಮಿಳು ಮಾತಾಡುವ ಅಭ್ಯಾಸವೇ ಇರಲಿಲ್ಲ. ಆ ಮಾತು ನನಗಲ್ಲ, ಆಮೇಲೆ ಬಂದು ಕೇಳುವವರಿಗೆ ಎಂದು ನನಗೆ ಅಲ್ಲೇ ಗೊತ್ತಾಯಿತು. ಮಣ್ಣಿನ ಮೇಲೆ ಬ್ರೇಕ್ ಹಾಕಿದ ಗುರುತಿರಲಿಲ್ಲ. ಸಂಜೆಯೊಳಗೆ ಯಾರೋ ಏರಿಗೆ ಟ್ಯಾಂಕರಿನಿಂದ ನೀರು ಹೊಡೆದು ಧೂಳು ಅಡಗಿಸಿದ್ದರು. ಊರಿನ ರಸ್ತೆಯ ಧೂಳಿನ ಬಗ್ಗೆ ಅದುವರೆಗೂ ಯಾರಿಗೂ ಚಿಂತೆ ಇರಲಿಲ್ಲ.

ಆಸ್ಪತ್ರೆಗೆ ಪೊಲೀಸರು ಬಂದಾಗ ನಾನು ಏನು ಹೇಳಿದೆ? ಕಾಲುವೆಗೆ ಬಿದ್ದಿದ್ದೆ, ಏನೂ ಕಾಣಿಸಲಿಲ್ಲ ಎಂದೆ. ಅಪ್ಪ ನನ್ನ ಭುಜದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಭಾರವಾದ ಕೈ. ಅದು ಅಪಘಾತ ಎಂದಾಯಿತು. ಒಂದೇ ದಿನದಲ್ಲಿ ಎರಡನೆಯ ಸಲ ನಾನು ಅರ್ಧ ಹೇಳಿದ್ದೆ.

ತಾತ ಐದು ತಿಂಗಳು ಮಂಚದ ಮೇಲಿದ್ದರು. ನಾನು ಪ್ರತಿ ಶನಿವಾರ ದಿಂಡಿಗಲ್ಲಿನಿಂದ ಹೋಗುತ್ತಿದ್ದೆ. ಮೊದಲ ಎರಡು ವಾರ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ನಾನು ಕೂತಿದ್ದು ಎದ್ದುಬರುತ್ತಿದ್ದೆ. ಮೂರನೆಯ ವಾರ, ತಿರುಗದೆಯೇ, ಅಲ್ಲಿ ನಿಂತು ಗಾಳಿ ಅಡ್ಡ ಮಾಡಬೇಡ, ಕೂರು ಎಂದರು. ದಾರಿಯನ್ನು ನನಗೆ ಕಲಿಸಿಕೊಡಿ ಎಂದು ಕೇಳಿದೆ. ಅರ್ಧ ಹೇಳುವವರಿಗೆ ಕಲಿಸುವುದಿಲ್ಲ ಎಂದರು. ಹೆಂಗಸರು ಹೇಳುವಂತಿಲ್ಲ ಎಂಬ ಕಾರಣ ಕೊಡಲಿಲ್ಲ, ಅದನ್ನು ಗಮನಿಸಿದೆ. ಹೇಗಿದ್ದರೂ ಅದು ನನಗೆ ಬಾಯಿಪಾಠವಾಗಿತ್ತು. ಇಷ್ಟು ಮದುವೆಗಳಲ್ಲಿ ನಿಂತವರಿಗೆಲ್ಲ ಬರುತ್ತದೆ. ಒಂದು ವಾರ ಕೂತು ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದು ತೆಗೆದುಕೊಂಡು ಹೋದೆ. ತಾವು ಜೀವಮಾನವೆಲ್ಲ ಹೇಳಿದ ಮಾತು ತನ್ನದೇ ಅಕ್ಷರದಲ್ಲಿ ಹೇಗಿರುತ್ತದೆಂದು ಅವರು ನೋಡಿರಲಿಲ್ಲ. ಪುಸ್ತಕವನ್ನು ಎದೆಯ ಮೇಲೆ ಇಟ್ಟುಕೊಂಡು, ಆ ಮಾತು ಯಾವುದು ತೋರಿಸು ಎಂದರು. ತೋರಿಸಿದೆ. ಚಪ್ಪಟೆ ಹೆಬ್ಬೆರಳನ್ನು ಅಕ್ಷರಗಳ ಮೇಲೆ ಮೆಲ್ಲಗೆ ಎಳೆದರು. ಒಂದೂವರೆ ಸಾಲು ಇತ್ತು.

"ಇಷ್ಟೇಯಾ?" ಎಂದರು. "ಇಷ್ಟಕ್ಕಾ ನನ್ನ ಕಾಲು?"

ನಗುತ್ತಿದ್ದರು ಎಂದೇ ನನ್ನ ನೆನಪು. ಆದರೆ ಈಗ ಅದರ ಬಗ್ಗೆ ಖಾತ್ರಿಯಿಲ್ಲ.

ಕಾಲೊನಿಯ ಆ ಗಿರಣಿಯವನು ಒಂದು ಭಾನುವಾರ ನೋಡಲು ಬಂದ. ಎಂದಿನಂತೆ ಅಂಗಳದಲ್ಲೇ ನಿಂತ. ಒಳಗೆ ಬಾ ಎಂದರು ತಾತ. ಅವನು ಬರಲಿಲ್ಲ. ತಾನು ನಿಂತೇ ಇರುತ್ತೇನೆ, ತನಗೆ ಅಭ್ಯಾಸ ಎಂದ. ಆ ಮಾತಿನಲ್ಲಿ ಎಷ್ಟು ಸಿಟ್ಟಿತ್ತೆಂದು ತಾತನಿಗೆ ಅರ್ಥವಾಯಿತು. ಅವನು ಹೋದ ಮೇಲೆ ಸೊಸೆಯನ್ನು ಕರೆದು, ಸೂರಿನಲ್ಲಿದ್ದ ಲೋಟವನ್ನು ಎಸೆಯಲು ಹೇಳಿದರು. ತಡವಾಯಿತು ತಾತಾ ಎಂದು ನಾನು ಹೇಳಲಿಲ್ಲ. ಹೇಳಬೇಕಿತ್ತು.

ಮುಂದಿನ ತಿಂಗಳು ತೀರಿಕೊಂಡರು. ಹೆಣದ ಮುಂದೆ ದೊಡ್ಡಪ್ಪ ಎದೆ ಬಡಿದುಕೊಂಡು ಅತ್ತರು. ಅಣ್ಣ ಹೆಗಲು ಕೊಟ್ಟ. ಅವರ ಹೆಸರಿನಲ್ಲಿ ಫ್ಲೆಕ್ಸ್ ಹಾಕಿಸಿದರು. ಆಮೇಲೆ ನಡೆದ ಮದುವೆಗಳಲ್ಲಿ, ತಾತನ ಧ್ವನಿಯಲ್ಲೇ ಇದ್ದ ಯಾವುದೋ ಹಳೆಯ ವಿಡಿಯೊದಿಂದ ದಾರಿಯನ್ನು ಇಳಿಸಿ ಸ್ಪೀಕರಿನಲ್ಲಿ ಹಾಕುತ್ತಿದ್ದಾರೆ. ಕೊನೆಯ ಮಾತು ಇಲ್ಲ. ಬದುಕಿದ್ದಾಗ ಮಾಡಿಸಲಾಗದ್ದನ್ನು ಸತ್ತವರ ಬಾಯಿಂದ ಮಾಡಿಸಿದ್ದಾರೆ.

ಅದಕ್ಕಿಂತ ದೊಡ್ಡ ಸಂಗತಿ ನನಗೆ ಗೊತ್ತಾದದ್ದು ದೊಡ್ಡಪ್ಪನ ಫೋನ್ ಬಂದ ನಾಲ್ಕು ದಿನಕ್ಕೆ. ತಹಸೀಲ್ದಾರರ ಆದೇಶದ ಮೇಲೆ ಸಮಿತಿಯವರು ಮೇಲ್ಮನವಿ ಹಾಕಿದ್ದರು. ಗೋಡೆ ಹಾಗೇ ನಿಂತಿತ್ತು. ಗಿರಣಿಯವನು ಕಾಲೇಜಿನ ಬಾಗಿಲಿಗೆ ಬಂದು, ಅದರ ನಕಲನ್ನು ನನ್ನ ಕೈಗೆ ಕೊಟ್ಟು, ಓದಿ ಎಂದಷ್ಟೇ ಹೇಳಿ ಹೋದ. ಅದರ ಮೂರನೆಯ ಪುಟದಲ್ಲಿ ನಾನಿದ್ದೆ. ಇಬ್ಬರೂ ಒಪ್ಪಿದ ಅನುವಾದಕಿ, ಕಾಲೇಜು ಅಧ್ಯಾಪಕಿ, ಆ ಹೇಳಿಕೆಯಲ್ಲಿ ಇರುವುದು ನೀರಿನ ವಿಷಯ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಿದ್ದಾರೆ. ದಾರಿಯ ವಿಷಯವನ್ನು ಮುದುಕ ಆಮೇಲೆ ತಮಿಳಿನಲ್ಲಿ ಸೇರಿಸಿದ್ದು. ಆದ್ದರಿಂದ ಆದೇಶ ರದ್ದಾಗಬೇಕು. ಅವರ ಇಡೀ ವಾದ ನಿಂತಿದ್ದು ನನ್ನ ಅರ್ಧ ವಾಕ್ಯದ ಮೇಲೆ. ಸ್ಮರಣ ಸಂಚಿಕೆಗೆ ನನ್ನ ಹೆಸರು ಯಾಕೆ ಬೇಕಾಯಿತು ಎಂದು ಆಗ ತಿಳಿಯಿತು. ನನ್ನನ್ನು ತಮ್ಮವಳನ್ನಾಗಿ ಉಳಿಸಿಕೊಳ್ಳಬೇಕಿತ್ತು.

ಕಳೆದ ಸೋಮವಾರ ಉಪವಿಭಾಗಾಧಿಕಾರಿಗಳ ಮುಂದೆ ವಿಚಾರಣೆಯಿತ್ತು. ನನ್ನನ್ನು ಯಾರೂ ಕರೆದಿರಲಿಲ್ಲ. ಗಿರಣಿಯವನ ಪರವಾಗಿ ಸಾಕ್ಷಿ ಹೇಳಲು ನಾನೇ ಅರ್ಜಿ ಹಾಕಿಕೊಂಡು ಹೋದೆ. ದೊಡ್ಡಪ್ಪ, ಅಣ್ಣ, ಅಪ್ಪ ಎದುರು ಬೆಂಚಿನಲ್ಲಿ ಕೂತಿದ್ದರು. ನನ್ನನ್ನು ಕಂಡು ದೊಡ್ಡಪ್ಪ ನಕ್ಕು, "ಬಾ ಪಾಪಾ, ಇಲ್ಲಿ ಜಾಗ ಅದೆ" ಎಂದು ಸರಿದು ಕೂತರು. ನಾನು ಹೋಗಿ ಕೂರಲಿಲ್ಲ.

ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ, ಒಂದೊಂದು ಮಾತನ್ನೂ ತಮಿಳಿಗೆ ತಿರುಗಿಸಿದೆ. ಕೊನೆಯ ಮಾತನ್ನು ಪೂರ್ತಿ ಹೇಳಿದೆ. ಅವರ ವಕೀಲರು ಎದ್ದು, ಅಂದು ಹೇಳಿದ್ದು ಸುಳ್ಳೇ ಹಾಗಾದರೆ ಎಂದರು. ಹೌದು ಎಂದೆ. ಅಂದು ಸುಳ್ಳು ಹೇಳಿದವರು ಇಂದು ನಿಜ ಹೇಳುತ್ತೀರೆಂದು ಹೇಗೆ ನಂಬುವುದು ಎಂದು ಕೇಳಿದರು. ಒಳ್ಳೆಯ ಪ್ರಶ್ನೆಯೇ.

ನಾನು ಅಧಿಕಾರಿಗಳ ಕಡೆ ತಿರುಗಿ ಹೇಳಿದೆ: "ಅಂದು ಸುಳ್ಳು ಹೇಳಿದ್ದಕ್ಕೆ ನನಗೆ ಮನೆ ಉಳಿಯಿತು ಸಾರ್. ಇಂದು ನಿಜ ಹೇಳಿದರೆ ಇವರಲ್ಲಿ ಒಬ್ಬರೂ ನನ್ನನ್ನು ಮನೆಗೆ ಸೇರಿಸುವುದಿಲ್ಲ. ಅಪ್ಪನನ್ನೇ ಕೇಳಿ."

ಅವರು ಕೇಳಲಿಲ್ಲ. ಅಪ್ಪ ನೆಲ ನೋಡುತ್ತಿದ್ದರು. ಟ್ರ್ಯಾಕ್ಟರಿನ ವಿಷಯವನ್ನೂ ಶುರುಮಾಡಿದೆ. ಅದು ಈ ಕಚೇರಿಗೆ ಸೇರಿದ್ದಲ್ಲ, ಪೊಲೀಸರಿಗೆ ಹೇಳಬೇಕು ಎಂದು ಅಧಿಕಾರಿಗಳು ತಡೆದರು. ಅವರು ಹೇಳಿದ್ದು ನ್ಯಾಯವೇ. ತೀರ್ಪನ್ನು ಇನ್ನು ಎರಡು ವಾರದಲ್ಲಿ ಕೊಡುತ್ತಾರಂತೆ. ನಾನು ಹೇಳಿದ್ದರಿಂದ ಗೋಡೆ ಬೀಳುತ್ತದೆಯೋ ಇಲ್ಲವೋ ಇದನ್ನು ಬರೆಯುವ ಹೊತ್ತಿಗೆ ನನಗೆ ಗೊತ್ತಿಲ್ಲ. ಬೀಳದಿದ್ದರೆ ಅದಕ್ಕೆ ನಾನೂ ಕಾರಣ.

ಕಚೇರಿಯ ಅಂಗಳದಲ್ಲಿ ಅಣ್ಣ ನನ್ನನ್ನು ತಡೆದ. ಕನ್ನಡದಲ್ಲೇ ಮಾತಾಡಿದ. "ಓಗಲಿ ಬುಡು. ಮುದುಕ್ನು ಎಂಗೂ ಸಾಯ್ತಿದ್ದ. ನಿನ್ನ ನೋಡಿ ನಾನು ಸ್ಟಿಯರಿಂಗ್ ತಿರ್ಗ್ಸಿದ್ದು, ಗೊತ್ತಾ? ಇಲ್ದಿದ್ರೆ ನೀನೂ ಇರ್ತಿರ್ಲಿಲ್ಲೆ."

ತಿರುಗಿಸಿದ್ದನಂತೆ. ಹಾಗಾದರೆ ತಿರುಗಿಸಲು ಬರುತ್ತಿತ್ತು.

ಅಲ್ಲಿಂದ ಪೊಲೀಸ್ ಠಾಣೆಗೆ ನಡೆದೇ ಹೋದೆ. ಬಸ್ಸಿಗೆ ಕಾದಿದ್ದರೆ ಮನಸ್ಸು ಬದಲಾಗುತ್ತಿತ್ತೇನೋ. ದೂರು ಬರೆದುಕೊಳ್ಳುವವರು ವಯಸ್ಸಾದವರು, ಕನ್ನಡಕ ಹುಡುಕಿ ಹಾಕಿಕೊಂಡರು. ಏರಿಯ ಅಗಲ, ಗೇರಿನ ಸದ್ದು, ಖಾಲಿ ಇದ್ದ ಬಲಗಡೆ, ನೀರು ಹೊಡೆದದ್ದು, ಈಗ ಅಂಗಳದಲ್ಲಿ ಅವನು ಹೇಳಿದ್ದು, ಎಲ್ಲ ಹೇಳಿದೆ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದೂ ಹೇಳಿದೆ. ಓಡಿಸುತ್ತಿದ್ದವನ ಹೆಸರು ಕೇಳಿದರು. ಕೊಟ್ಟೆ. ಅವನ ಅಪ್ಪನ ಹೆಸರು, ಊರು, ಮನೆ ಯಾವ ಬೀದಿ ಎಲ್ಲ ತಡವರಿಸದೆ ಹೇಳಿದ್ದನ್ನು ಕಂಡು ಅವರು ಪೆನ್ನು ನಿಲ್ಲಿಸಿ, ಇವನು ನಿಮಗೆ ಏನಾಗಬೇಕು ಎಂದರು.

"ಅಣ್ಣ" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಹೊರಗೆ ಹೋಗಿ ಒಂದು ಟೀ ಕುಡಿದು ಯೋಚನೆ ಮಾಡಿ ಬಾಮ್ಮಾ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ನಾನು ಕುರ್ಚಿಯಿಂದ ಏಳಲಿಲ್ಲ. ಬರೆದುಕೊಳ್ಳಿ ಎಂದೆ.